ಗೋಮಾಳದ ಬೇಲಿಯೂ ವಲಸೆಮೃಗಗಳ ದಾರಿಯೂ

ಬೇಲಿಯೆಂದೊಡನೆ ಕನ್ನಡನಾಡಿನ ಒಕ್ಕಲಿಗನ ಕಣ್ಣ ಮುಂದೆ ನಿಲ್ಲುವುದು ಹೊಲದ ಬೇಲಿ. ಕಳ್ಳಿಯನ್ನೋ ಕತ್ತಾಳೆಯನ್ನೋ ಜಾಲಿಯ ಮುಳ್ಳನ್ನೋ ಒಡ್ಡಿ, ದನವೂ ಹಂದಿಯೂ ಪೈರಿಗೆ ಬಾಯಿಹಾಕದಂತೆ ಮಾಡುವುದು ಅದರ ಕೆಲಸ. ಬೇಲಿಯೇ ಎದ್ದು ಹೊಲವನ್ನು ಮೇಯ್ದಂತೆ ಎಂಬ ಗಾದೆ ಹುಟ್ಟಿದುದೂ ಈ ಬೇಲಿಯಿಂದಲೇ. ಆದರೆ ಬೇಲಿಯಲ್ಲಿ ಇನ್ನೊಂದು ಜಾತಿಯುಂಟು. ಅದು ಪಶುವನ್ನು ಹೊರಗಿಡುವುದಕ್ಕಲ್ಲ, ಒಳಗಿಡುವುದಕ್ಕಾಗಿ ಹುಟ್ಟಿದುದು. ಪೈರನ್ನಲ್ಲ, ಹುಲ್ಲನ್ನು ಸುತ್ತಿ ನಿಂತುದು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪಶ್ಚಿಮಸೀಮೆಯಲ್ಲಿ ದನದ ಒಡೆಯರು ಸಾವಿರಾರು ಮೈಲಿಗಳ ಉದ್ದಕ್ಕೆ ಎಳೆದಿರುವುದು ಈ ಎರಡನೆಯ ಜಾತಿಯ ಬೇಲಿ. ಇವೆರಡರ ಭೇದವನ್ನು ಎಣಿಸದೆ ಎರಡನ್ನೂ ಒಂದೇ ರೀತಿಯಾಗಿ ಕಟ್ಟಿದ ಪ್ರಮಾದಕ್ಕೆ ಆ ಸೀಮೆಯ ಮೂಕಮೃಗಗಳು ವರ್ಷವರ್ಷವೂ ಪ್ರಾಣದಿಂದ ದಂಡ ತೆರುತ್ತಿರುವುವು. ಪರಿಹಾರವು ತಿಳಿಯದಿದ್ದರೆ ಇದನ್ನು ವಿಧಿಯೆಂದು ಸಹಿಸಬಹುದಾಗಿದ್ದಿತು. ಪರಿಹಾರವು ಅಂಗುಲದ ಲೆಕ್ಕದಲ್ಲಿ ತಿಳಿದಿದೆ. ಆದುದರಿಂದ ಇದನ್ನು ವಿಧಿಯೆನ್ನಲಾಗದು, ಉದಾಸೀನವೆನ್ನಬೇಕು.

ಪ್ರಾಚೀನರಿಗೆ ಈ ಭೇದವು ತಿಳಿಯದೆ ಇರಲಿಲ್ಲ. ಊರಿನ ಸುತ್ತ ನೂರು ಧನುಸ್ಸಿನಷ್ಟು ನೆಲವನ್ನು ಗೋಸಂಚಾರಕ್ಕೆ ಬಿಡಬೇಕೆಂದೂ, ಅಲ್ಲಿ ಬೇಲಿಯಿಲ್ಲದೆ ಬೆಳೆದ ಧಾನ್ಯವನ್ನು ದನವು ಕೆಡಿಸಿದರೆ ದನಗಾಹಿಯನ್ನು ರಾಜನು ದಂಡಿಸಕೂಡದೆಂದೂ ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಹೇಳಿದೆ. ಎಂದರೆ ಬೇಲಿ ಹಾಕುವ ಭಾರವು ಪೈರಿನವನದು, ಹುಲ್ಲಿಗೆ ಬೇಲಿಯಿಲ್ಲ. ಪೈರಿನ ಬೇಲಿಯ ಅಳತೆಯನ್ನೂ ಅಲ್ಲಿಯೇ ವಿಧಿಸಿದೆ: ಒಂಟೆಯು ಅದರ ಮೇಲಿಂದ ಒಳಗನ್ನು ನೋಡಬಾರದು, ನಾಯಿ ಹಂದಿಗಳ ಮೂತಿ ತೂರುವಂತಹ ಕಂಡಿಯು ಉಳಿಯಬಾರದು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಈ ಅಳತೆಯು ಕಟ್ಟುವವನ ಇಚ್ಛೆಯಿಂದ ಬಂದುದಲ್ಲ, ಅಂಗಡಿಯಲ್ಲಿ ಸಿಕ್ಕುವ ತಂತಿಯ ಸುರುಳಿಯಿಂದ ಬಂದುದೂ ಅಲ್ಲ. ಯಾವ ಪ್ರಾಣಿಯನ್ನು ತಡೆಯಬೇಕೋ ಆ ಪ್ರಾಣಿಯ ಶರೀರದಿಂದ ಬಂದುದು. ಇದೇ ನ್ಯಾಯದಿಂದ, ದನವನ್ನು ತಡೆಯುವ ಬೇಲಿಯು ದನದ ಎದೆಯ ಮಟ್ಟವನ್ನು ನೋಡಿ ನಿಲ್ಲಬೇಕಲ್ಲದೆ ಅದಕ್ಕಿಂತ ಮೇಲಕ್ಕೂ ಕೆಳಕ್ಕೂ ಹಬ್ಬಬೇಕಾದ ಕಾರಣವಿಲ್ಲ. ತರ್ಕವನ್ನೋದುವ ಬಾಲಕನಿಗೆ ಮೊದಲು ಕಲಿಸುವ ಪಾಠಗಳಲ್ಲೊಂದು, ಕೊಂಬುಳ್ಳದ್ದೇ ಗೋವೆಂದು ಲಕ್ಷಣ ಹೇಳಿದರೆ ಅದು ಎಮ್ಮೆಗೂ ತಗಲುವುದೆಂಬುದು. ಇದಕ್ಕೆ ಅತಿವ್ಯಾಪ್ತಿಯೆಂದು ಹೆಸರು. ದನಕ್ಕಾಗಿ ಕಟ್ಟಿದ ಬೇಲಿಯು ಜಿಂಕೆಯನ್ನೂ ಹಿಡಿದು ಹಕ್ಕಿಯನ್ನೂ ಕೊಂದರೆ ಅದೂ ಅತಿವ್ಯಾಪ್ತಿಯೇ. ಪಾಠಶಾಲೆಯಲ್ಲಿ ಅದರಿಂದ ಒಂದು ವಾಕ್ಯ ಮಾತ್ರ ಕೆಡುವುದು. ಬಯಲಿನಲ್ಲಿ ಪ್ರಾಣವೇ ಹೋಗುವುದು.

ಆ ಬಯಲು ಎಂತಹುದೆಂಬುದನ್ನು ವಯೋಮಿಂಗ್ ಸಂಸ್ಥಾನದಲ್ಲಿ ನೋಡಬಹುದು. ಅದು ಎತ್ತರದ ಒಣಸೀಮೆ. ವಾಯವ್ಯಕ್ಕೆ ಟೀಟನ್ ಪರ್ವತಗಳು, ಅವುಗಳ ತೆಂಕಣಕ್ಕೆ ಗ್ರೀನ್ ನದಿಯ ವಿಶಾಲವಾದ ಬಯಲು, ಬಯಲಿನಲ್ಲೆಲ್ಲ ಸೇಜ್‌ಬ್ರಷ್ ಎಂಬ ಬೂದುಬಣ್ಣದ ಕುರುಚಲು ಗಿಡ. ಪರ್ವತಗಳ ಮಗ್ಗುಲಲ್ಲಿ ಬೇಸಗೆಯನ್ನು ಕಳೆದ ಮೃಗಗಳು ಅಲ್ಲಿ ಹಿಮವು ಆಳವಾಗಿ ಬೀಳುವುದಕ್ಕೆ ಮುನ್ನ ಬಯಲಿಗೆ ಇಳಿದು, ಈ ಗಿಡವನ್ನು ಮೇಯ್ದು ಚಳಿಗಾಲವನ್ನು ನೂಕಿ, ವಸಂತದಲ್ಲಿ ಹಿಂದಿರುಗುವುವು. ಇವುಗಳಲ್ಲಿ ಮುಖ್ಯವಾದುದು ಕವಲುಗೊಂಬಿನ ಪ್ರಾಂಗ್‌ಹಾರ್ನ್. ನೋಟಕ್ಕೆ ಹುಲ್ಲೆಯಂತಿದ್ದರೂ ಅದು ಏಷ್ಯಾ ಆಫ್ರಿಕಾಗಳ ಹುಲ್ಲೆಯ ಕುಲದ್ದಲ್ಲ. ತನ್ನ ಕುಲದಲ್ಲಿ ಈಗ ಉಳಿದಿರುವುದು ಅದೊಂದೇ. ಗಂಟೆಗೆ ಸುಮಾರು ೫೫ ಮೈಲಿಯ ವೇಗದಿಂದ ಓಡಬಲ್ಲ ಈ ಪ್ರಾಣಿಗೆ ನೆಗೆಯುವ ಅಭ್ಯಾಸವಿಲ್ಲ. ಲಕ್ಷಾಂತರ ವರ್ಷ ತೆರೆದ ಬಯಲಿನಲ್ಲಿಯೇ ಬಾಳಿದ ಕುಲಕ್ಕೆ ನೆಗೆಯತಕ್ಕ ಅಡ್ಡಿಯೇ ಇರಲಿಲ್ಲ. ಬೇಲಿ ಎದುರಾದರೆ ಅದು ಕೆಳಗಿನ ತಂತಿಯ ಅಡಿಯಲ್ಲಿ ಹೊಟ್ಟೆಯನ್ನು ನೆಲಕ್ಕೆ ಹಚ್ಚಿ ನುಸುಳುವುದು. ತಂತಿಯು ನೆಲಕ್ಕೆ ಹತ್ತಿರವಾಗಿದ್ದರೆ ಮುಳ್ಳು ಬೆನ್ನಿನ ರೋಮವನ್ನೂ ಚರ್ಮವನ್ನೂ ಕೀಳುವುದು; ಹಾಗೆ ರೋಮ ಕಿತ್ತುಹೋದೆಡೆ ಚಳಿಗಾಲದ ಗಾಳಿ ತಗಲುವುದು. ತಂತಿಗೆ ಬದಲಾಗಿ ಹೆಣೆದ ಬಲೆಯಿದ್ದರೆ ನುಸುಳುವುದೂ ಸಾಧ್ಯವಿಲ್ಲ. ಬೇಲಿಯ ಗುಂಟ ಹಿಂದಕ್ಕೂ ಮುಂದಕ್ಕೂ ಅಲೆಯುವುದೊಂದೇ ಗತಿ.

ಇಲಿನಾಯ್ ಸಂಸ್ಥಾನದ ಡಿಕಾಲ್ಬ್ ಎಂಬ ಊರಿನ ಜೋಸೆಫ್ ಗ್ಲಿಡನ್ ಎಂಬಾತನು ಮುಳ್ಳುತಂತಿಗೆ ಸರಕಾರದ ಹಕ್ಕುಪತ್ರವನ್ನು ಪಡೆದುದು ೧೮೭೪ರಲ್ಲಿ. ಮರವಿಲ್ಲದ ಬಯಲಿನಲ್ಲಿ ಬೇಲಿ ಕಟ್ಟುವ ಉಪಾಯ ಅಂದಿನಿಂದ ಸುಲಭವಾಯಿತು. ಆ ದಾರಿಯಾದರೋ ಅದಕ್ಕಿಂತ ಎಷ್ಟೋ ಹಳೆಯದು. ಪೈನ್‌ಡೇಲ್ ಊರಿನ ಬಳಿ ಟ್ರ್ಯಾಪರ್ಸ್ ಪಾಯಿಂಟ್ ಎಂಬ ಇಕ್ಕಟ್ಟಾದ ಸ್ಥಳವುಂಟು. ಹಾದುಹೋಗುವ ಪ್ರಾಂಗ್‌ಹಾರ್ನುಗಳನ್ನು ಸುಮಾರು ೬,೦೦೦ ವರ್ಷಗಳ ಹಿಂದೆ ಬೇಟೆಗಾರರು ಅಲ್ಲಿಯೇ ಹೊಂಚಿ ಕೊಂದರೆಂಬುದು ಅಗೆತದಲ್ಲಿ ದೊರೆತ ಎಲುಬುಗಳಿಂದ ತಿಳಿದಿದೆ. ೨೦೦೮ರಲ್ಲಿ ಈ ದಾರಿಯ ಅರಣ್ಯಭಾಗಕ್ಕೆ ಸರಕಾರದ ರಕ್ಷಣೆ ದೊರೆಯಿತು. ೨೦೧೨ರಲ್ಲಿ ಟ್ರ್ಯಾಪರ್ಸ್ ಪಾಯಿಂಟಿನ ಹೆದ್ದಾರಿಯ ಮೇಲೆ ಮೃಗಗಳಿಗಾಗಿಯೇ ಸೇತುವೆ ಸಿದ್ಧವಾಯಿತು. ಇದು ಶ್ಲಾಘ್ಯವಾದ ಕಾರ್ಯ. ಆದರೆ ಸೇತುವೆಗೆ ಹಾರ ಹಾಕಿ ಚಿತ್ರ ತೆಗೆಯಿಸಿಕೊಳ್ಳುವ ಉತ್ಸಾಹವು ತಂತಿಯನ್ನು ನಾಲ್ಕು ಅಂಗುಲ ಮೇಲಕ್ಕೆತ್ತುವ ಕೆಲಸದಲ್ಲಿ ಎಲ್ಲ ದೇಶಗಳಲ್ಲಿಯೂ ಕಡಮೆಯೇ. ಅದೇ ಸೀಮೆಯಲ್ಲಿ ಮೃಗಗಳ ಕೊರಳಿಗೆ ಯಂತ್ರವನ್ನು ಕಟ್ಟಿ ನಡೆಸಿದ ಅಧ್ಯಯನವೊಂದು ೨೦೨೧ರಲ್ಲಿ ಪ್ರಕಟವಾಯಿತು. ಅಧ್ಯಯನದ ಪ್ರದೇಶವೊಂದರಲ್ಲಿಯೇ ೬,೦೦೦ ಕಿಲೋಮೀಟರಿಗೆ ಮೀರಿದ ಬೇಲಿಯಿದ್ದಿತು. ಒಂದೊಂದು ಪ್ರಾಂಗ್‌ಹಾರ್ನಿಗೆ ವರ್ಷದಲ್ಲಿ ಸರಾಸರಿ ೨೪೮ ಸಲ, ಮ್ಯೂಲ್ ಜಿಂಕೆಗೆ ೧೧೯ ಸಲ ಬೇಲಿ ಎದುರಾಗುತ್ತಿದ್ದಿತು. ಈ ಸಂದರ್ಭಗಳಲ್ಲಿ ನೂರಕ್ಕೆ ಸುಮಾರು ೪೦ರಲ್ಲಿ ಮೃಗವು ತನ್ನ ನಡೆಯನ್ನು ಬದಲಿಸಬೇಕಾಯಿತು. ಸತ್ತ ಜಿಂಕೆಯು ಎಣಿಕೆಗೆ ಸಿಕ್ಕುವುದು. ಹಿಮದಲ್ಲಿ ಬೇಲಿಯ ಗುಂಟ ಅಲೆದಲೆದು ಮೈಯ ಕೊಬ್ಬನ್ನು ಕಳೆದುಕೊಂಡು ವಸಂತಕ್ಕೆ ಮುನ್ನ ಎಲ್ಲೋ ಬಿದ್ದ ಜಿಂಕೆಯನ್ನು ಯಾರು ಬೇಲಿಯ ಲೆಕ್ಕಕ್ಕೆ ಬರೆಯುವರು?

ಮ್ಯೂಲ್ ಜಿಂಕೆಯು, ಪ್ರಾಂಗ್‌ಹಾರ್ನಿನಂತಲ್ಲದೆ, ನೆಗೆಯಬಲ್ಲುದು. ಅದರ ಮರಣ ಬೇರೆ ವಿಧವಾದುದು. ನೆಗೆಯುವಾಗ ಹಿಂಗಾಲುಗಳು ಮುಂದಕ್ಕೆ ಮಡಿದು ಬರುವುವು. ಮೇಲಿನ ಎರಡು ತಂತಿಗಳು ಹತ್ತಿರ ಹತ್ತಿರವಾಗಿದ್ದರೆ ಕಾಲು ಅವುಗಳ ನಡುವೆ ಹೊಕ್ಕು, ಮೈಯ ಭಾರಕ್ಕೆ ಎರಡು ತಂತಿಗಳೂ ಹುರಿಗೊಂಡು, ಗೊರಸಿನ ಮೇಲೆ ಬೀಗಿ ಬಿಗಿಯುವುವು. ತಲೆಕೆಳಗಾಗಿ ನೇತುಬಿದ್ದ ಜಿಂಕೆಯು ಒದರಿದಷ್ಟೂ ಹುರಿ ಬಲಿಯುವುದು. ಯೂಟಾ ಮತ್ತು ಕೊಲೊರಾಡೊ ಸಂಸ್ಥಾನಗಳಲ್ಲಿ ಬೇಲಿಗಳ ಗುಂಟ ನಡೆದು ಎಣಿಸಿದವರ ವರದಿ ೨೦೦೬ರಲ್ಲಿ ಪ್ರಕಟವಾಯಿತು. ಎರಡೂವರೆ ಮೈಲಿ ಬೇಲಿಗೆ ವರ್ಷಕ್ಕೆ ಒಂದರಂತೆ ಮೃಗವು ತಂತಿಯಲ್ಲಿ ಸಿಕ್ಕಿ ಸಾಯುವುದೆಂದೂ, ಬೆಳೆದ ಮೃಗಗಳಿಗಿಂತ ಮರಿಗಳಿಗೆ ಈ ಮರಣವು ಎಂಟುಪಾಲು ಹೆಚ್ಚೆಂದೂ, ಹೆಣೆದ ಬಲೆಯ ಮೇಲೆ ಒಂದೆಳೆ ಮುಳ್ಳುತಂತಿಯನ್ನು ಎಳೆದ ಬೇಲಿಯೇ ಎಲ್ಲಕ್ಕಿಂತ ಘಾತುಕವೆಂದೂ ಅವರು ಕಂಡರು. ಇದಕ್ಕಿಂತಲೂ ಮನಸ್ಸನ್ನು ಕಲಕುವ ಸಂಗತಿ ಮತ್ತೊಂದುಂಟು. ತಂತಿಯಲ್ಲಿ ಸಿಕ್ಕದೆ ಬೇಲಿಯ ಬುಡದಲ್ಲಿಯೇ ಸತ್ತು ಬಿದ್ದ ಮೃಗಗಳು ಅದಕ್ಕೂ ಹೆಚ್ಚಾಗಿದ್ದುವು: ಸುಮಾರು ೧.೨ ಮೈಲಿಗೆ ಒಂದರಂತೆ. ಅವುಗಳಲ್ಲಿ ನೂರಕ್ಕೆ ೯೦ ಮರಿಗಳು. ಮೈಮೇಲೆ ಗಾಯವನ್ನು ಹುಡುಕಬೇಕಾದುದಿಲ್ಲ, ಮಲಗಿದಂತೆ ಮುದುಡಿಕೊಂಡಿದ್ದುವು. ತಾಯಿಯು ಬೇಲಿಯನ್ನು ದಾಟಿ ಹೋಗಿದ್ದಿತು. ಮರಿಗೆ ದಾಟಲಾಗಲಿಲ್ಲ.

ಹಕ್ಕಿಯ ಮಾತನ್ನೂ ಇಲ್ಲಿಯೇ ಹೇಳಬಹುದು. ಸೇಜ್ ಗ್ರೌಸ್ ಎಂಬ ದಪ್ಪಮೈಯ ಪಕ್ಷಿಯು ವಸಂತದ ನಸುಕಿನಲ್ಲಿ ತನ್ನ ನರ್ತನಸ್ಥಾನಕ್ಕೆ ನೆಲದ ಮಟ್ಟದಲ್ಲಿ ಹಾರಿಬರುವಾಗ ತೆಳುವಾದ ತಂತಿಯನ್ನು ಕಾಣದೆ ಬಡಿದು ಸಾಯುವುದು. ತಂತಿಗೆ ಅಲ್ಲಲ್ಲಿ ಮೂರಂಗುಲದ ಬಿಳಿಯ ಪಟ್ಟಿಗಳನ್ನು ಸಿಕ್ಕಿಸಿದರೆ, ನರ್ತನಸ್ಥಾನಗಳ ಬಳಿ ಈ ಬಡಿತವು ನೂರಕ್ಕೆ ಸುಮಾರು ೮೩ರಷ್ಟು ತಗ್ಗುವುದೆಂದು ಐಡಹೊ ಸಂಸ್ಥಾನದಲ್ಲಿ ೨೦೧೨ರ ಅಧ್ಯಯನವೊಂದರಿಂದ ಸಿದ್ಧವಾಗಿದೆ. ಇಷ್ಟು ಅಲ್ಪವಾದ ವಸ್ತುವಿನಿಂದ ಇಷ್ಟು ದೊಡ್ಡ ಫಲ ದೊರೆಯುವ ಪುಣ್ಯಕಾರ್ಯಗಳು ಲೋಕದಲ್ಲಿ ವಿರಳ.

ಇನ್ನು ಮೃಗಗಳಿಗೆ ಪರಿಹಾರ. ಮೇಲಿನ ತಂತಿಯು ನೆಲದಿಂದ ೪೦ ಅಂಗುಲವನ್ನು ಮೀರಬಾರದು, ಬಹಳವಾದರೆ ೪೨. ಮೇಲಿನ ಎರಡು ತಂತಿಗಳ ನಡುವೆ ೧೨ ಅಂಗುಲಕ್ಕೆ ಕಡಮೆಯಿಲ್ಲದ ಅಂತರವಿರಬೇಕು. ಹಾಗಿದ್ದರೆ ಅವು ಕಾಲಿನ ಸುತ್ತ ಹುರಿಗೊಳ್ಳುವುದು ಕಷ್ಟ. ಕೆಳಗಿನ ತಂತಿಯು ೧೬ ಅಂಗುಲಕ್ಕಿಂತ ಕೆಳಗಿರಬಾರದು, ೧೮ ಇದ್ದರೆ ಲೇಸು. ಮೇಲಿನದೂ ಕೆಳಗಿನದೂ ಮುಳ್ಳಿಲ್ಲದ ನುಣುಪುತಂತಿಯಾಗಿರಬೇಕು. ಮುಳ್ಳು ಬೇಕೇಬೇಕೆನ್ನುವವರು ನಡುವಿನ ಎಳೆಗಳಲ್ಲಿ ಇಟ್ಟುಕೊಳ್ಳಲಿ. ಮೃಗಗಳು ಮೇಲಿಂದ ಮೇಲೆ ದಾಟುವ ಎಡೆಗಳಲ್ಲಿ, ದನವಿಲ್ಲದ ತಿಂಗಳುಗಳಲ್ಲಿ, ಕೆಳಗಿನ ತಂತಿಯನ್ನು ಕೊಂಡಿಯಿಂದ ಅದರ ಮೇಲಿನ ತಂತಿಗೆ ಎತ್ತಿ ಸಿಕ್ಕಿಸಬಹುದು, ಇಲ್ಲವೆ ಬೇಲಿಯನ್ನೇ ನೆಲಕ್ಕೆ ಮಲಗಿಸಿಡಬಹುದು. ಏನನ್ನೂ ಮಾಡಲಾರದವನು ದನವನ್ನು ಹೊಡೆದುಕೊಂಡು ಹೋದ ಮೇಲೆ ಹೆಬ್ಬಾಗಿಲನ್ನು ತೆರೆದಿಡಲಿ. ಅದಕ್ಕೆ ಕಾಸಿನ ಖರ್ಚೂ ಇಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಈ ಬೇಲಿಯು ದನವನ್ನು ಹಿಂದಿನಂತೆಯೇ ತಡೆಯುವುದು. ದನವು ೧೮ ಅಂಗುಲದ ಕಂಡಿಯಲ್ಲಿ ಹೊಟ್ಟೆ ಹೊಸೆದುಕೊಂಡು ಹೋಗುವ ಪ್ರಾಣಿಯಲ್ಲ.

ಇದಕ್ಕೆ ಬರುವ ಪೂರ್ವಪಕ್ಷಗಳಲ್ಲಿ ಮೊದಲನೆಯದು ವೆಚ್ಚ. ಹಳೆಯ ಬೇಲಿಯನ್ನೆಲ್ಲ ಒಂದೇ ವರ್ಷದಲ್ಲಿ ಕಿತ್ತು ಕಟ್ಟಿರೆಂದು ಯಾರೂ ಹೇಳಿಲ್ಲ. ತಂತಿ ತುಕ್ಕು ಹಿಡಿದು ಕಂಬ ಬಿದ್ದಾಗ ಹೇಗೂ ಕಟ್ಟಬೇಕಷ್ಟೆ. ಆಗ ಸರಿಯಾದ ಅಳತೆಯಿಂದ ಕಟ್ಟುವುದಕ್ಕೆ ತಂತಿಯು ಹೆಚ್ಚು ಬೇಕಾಗಿಲ್ಲ. ಎಲ್ಕ್ ಎಂಬ ಮಹಾಕಾಯದ ಕಡವೆಗಳು ಎತ್ತರದ ಬೇಲಿಯನ್ನು ಕೆಡವುತ್ತ ಹೋಗುವ ಸೀಮೆಯಲ್ಲಿ ತಗ್ಗಾದ ಬೇಲಿಯು ಒಡೆಯನಿಗೆ ದುರಸ್ತಿಯ ಕೂಲಿಯನ್ನೂ ಉಳಿಸುವುದು. ವೆಚ್ಚದಲ್ಲಿ ಪಾಲುಕೊಡುವ ಸರಕಾರದ ಇಲಾಖೆಗಳೂ ಆ ದೇಶದಲ್ಲಿವೆ. ಜಾಕ್ಸನ್ ಕಣಿವೆಯ ವನ್ಯಜೀವಿಸಂಘವೊಂದು ೧೯೯೬ರಿಂದ ಸ್ವಯಂಸೇವಕರನ್ನು ಕೂಡಿಸಿಕೊಂಡು ಇನ್ನೂರು ಮೈಲಿಗೆ ಮೀರಿದ ಬೇಲಿಯನ್ನು ಕಿತ್ತೋ ತಿದ್ದಿಯೋ ಸರಿಪಡಿಸಿದೆ. ಅಂಗಡಿಯವನೂ ವಿದ್ಯಾರ್ಥಿಯೂ ವೃದ್ಧನೂ ರಜೆಯ ದಿನ ಕೈಗೆ ಚರ್ಮದ ಚೀಲ ತೊಟ್ಟು ಮಾಡಬಹುದಾದ ಕೆಲಸವನ್ನು ಶ್ರೀಮಂತ ದೇಶವೊಂದು ವೆಚ್ಚದ ಹೆಸರಿನಲ್ಲಿ ಮುಂದೂಡುವುದು ಹಾಸ್ಯಾಸ್ಪದ.

ಎರಡನೆಯದು, ಜಿಂಕೆಯು ನೆಗೆಯಬಲ್ಲುದು, ಕ್ರಮೇಣ ಕಲಿತುಕೊಳ್ಳುವುದು ಎಂಬ ಮಾತು. ಕೊಬ್ಬಿದ ಗಂಡುಜಿಂಕೆಯೊಂದು ಬೇಸಗೆಯ ಹಗಲಿನಲ್ಲಿ ನೆಗೆದುದನ್ನು ಕಂಡವರು ಇದನ್ನು ಹೇಳುವರು. ಚಳಿಗಾಲದ ಕೊನೆಯಲ್ಲಿ ಎಲುಬುಗೂಡಾಗಿ, ಹೊಟ್ಟೆಯಲ್ಲಿ ಮರಿಯನ್ನು ಹೊತ್ತು, ಮೊಳಕಾಲುದ್ದದ ಹಿಮದಲ್ಲಿ ನಿಂತ ಹೆಣ್ಣಿಗೂ, ಹುಟ್ಟಿ ಎರಡು ತಿಂಗಳಾದ ಮರಿಗೂ ಈ ಪ್ರಮಾಣವು ಅನ್ವಯಿಸುವುದೆ? ಒಂದೂವರೆ ಶತಮಾನದಲ್ಲಿ ಪ್ರಾಂಗ್‌ಹಾರ್ನ್ ನೆಗೆತವನ್ನು ಕಲಿಯಲಿಲ್ಲ. ಅಳತೆಪಟ್ಟಿಯನ್ನು ಹಿಡಿಯಬಲ್ಲ ಮನುಷ್ಯನು ಕಲಿಯುವುದು ಅದಕ್ಕಿಂತ ಸುಲಭವಾಗಿರಬೇಕು.

ಮೂರನೆಯದು ಎಲ್ಲಕ್ಕಿಂತ ಗಡುಸಾದುದು: ನನ್ನ ನೆಲ, ನನ್ನ ಬೇಲಿ, ಕೇಳುವವರಾರು? ಇದನ್ನು ಆ ದೇಶದ ನ್ಯಾಯಾಸ್ಥಾನವೇ ವಿಚಾರಿಸಿದ ವೃತ್ತಾಂತವು ತಿಳಿಯತಕ್ಕದ್ದು. ಹಿಂದೆ ರೈಲುದಾರಿ ಹಾಕುವವರಿಗೆ ಸರಕಾರವು ದಾರಿಯ ಇಕ್ಕೆಲದ ನೆಲವನ್ನು ಚೌಕ ಬಿಟ್ಟು ಚೌಕವಾಗಿ ಕೊಟ್ಟುದರಿಂದ ದಕ್ಷಿಣ ವಯೋಮಿಂಗಿನ ಭೂಮಿ ಚದುರಂಗದ ಮಣೆಯಂತಾಯಿತು: ಒಂದು ಮನೆ ಖಾಸಗಿಯದು, ಮಗ್ಗುಲಿನದು ಸರಕಾರದ್ದು. ರೆಡ್ ರಿಮ್ ಎಂಬಲ್ಲಿ ಒಬ್ಬ ಭೂಮಾಲಿಕನು ತನ್ನ ಚೌಕಗಳ ಅಂಚಿನಲ್ಲಿಯೇ ಕಂಬ ನೆಟ್ಟು, ಪ್ರಾಂಗ್‌ಹಾರ್ನುಗಳು ನುಸುಳಲಾಗದಂತಹ ೨೮ ಮೈಲಿ ಬೇಲಿಯನ್ನು ಹಾಕಿ, ೨೦,೦೦೦ ಎಕರೆಗೆ ಮೀರಿದ ನೆಲವನ್ನು ಸುತ್ತಿಬಿಟ್ಟನು. ಅವನ ಕಂಬಗಳು ಅವನ ನೆಲದಲ್ಲಿದ್ದುವು; ಆದರೆ ನಡುವಿನ ಸರಕಾರಿ ಚೌಕಗಳೂ ಅದರೊಳಗೆ ಸಿಕ್ಕಿಕೊಂಡುವು. ಅದು ಪ್ರಾಂಗ್‌ಹಾರ್ನುಗಳ ಚಳಿಗಾಲದ ಆಶ್ರಯ. ೧೯೮೩ರ ಚಳಿಯಲ್ಲಿ ಅವು ಬೇಲಿಯ ಹೊರಗೆ ನೆರೆದು ನಿಂತುವು. ಅನೇಕವು ಹಸಿವಿನಿಂದ ಸತ್ತುವು. ವ್ಯವಹಾರವು ನ್ಯಾಯಾಸ್ಥಾನಕ್ಕೆ ಹೋಯಿತು. ದನದ ದೊರೆಗಳು ಸರಕಾರಿ ನೆಲವನ್ನು ಬೇಲಿಯಿಂದ ನುಂಗುವುದನ್ನು ತಡೆಯಲು ೧೮೮೫ರಲ್ಲಿ ಮಾಡಿದ ಶಾಸನವೊಂದುಂಟು. ಮೇಲ್ಮನವಿಯ ನ್ಯಾಯಾಸ್ಥಾನವು ೧೯೮೮ರಲ್ಲಿ ಅದನ್ನೇ ಹಿಡಿದು, ಸಾರ್ವಜನಿಕ ನೆಲವು ವನ್ಯಮೃಗಗಳ ಮೇವಿಗೆ ಒದಗುವುದೂ ಆ ಶಾಸನವು ಕಾಯತಕ್ಕ ಉದ್ದೇಶಗಳಲ್ಲಿ ಸೇರಿದುದೆಂದು ಹೇಳಿ, ಬೇಲಿಯನ್ನು ತೆಗೆಯಬೇಕು ಇಲ್ಲವೆ ಪ್ರಾಂಗ್‌ಹಾರ್ನ್ ದಾಟುವಂತೆ ತಿದ್ದಬೇಕೆಂಬ ಆಜ್ಞೆಯನ್ನು ಎತ್ತಿಹಿಡಿಯಿತು. ಕಂಬವನ್ನು ಎಲ್ಲಿ ನೆಟ್ಟೆ ಎಂಬುದು ಮಾತ್ರವಲ್ಲ, ಬೇಲಿಯು ಏನನ್ನು ಮುಚ್ಚಿತು ಎಂಬುದೂ ಪ್ರಶ್ನೆಯಾಯಿತು. ಸಂಸ್ಕೃತದಲ್ಲಿ ಬೇಲಿಗೆ ವೃತಿಯೆಂದು ಹೆಸರು; ಮುಚ್ಚುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿದ ಶಬ್ದವದು. ಆ ನ್ಯಾಯಾಧೀಶರು ಸಂಸ್ಕೃತವನ್ನು ಓದಿದವರಲ್ಲದಿದ್ದರೂ ಧಾತ್ವರ್ಥವನ್ನು ಸರಿಯಾಗಿಯೇ ಹಿಡಿದರು.

ಇದರ ವಿರುದ್ಧದ ತುದಿಯಲ್ಲಿ ನಿಂತು ಕೂಗುವವರೂ ಉಂಟು. ದನದ ಒಡೆಯರನ್ನೇ ಓಡಿಸಿ ಬೇಲಿಗಳನ್ನೆಲ್ಲ ಕಿತ್ತೆಸೆಯಿರೆಂದು ಪಟ್ಟಣದಲ್ಲಿ ಕುಳಿತು ಹೇಳುವ ಮೃಗಪ್ರೇಮಿಗಳಿವರು. ಇವರ ದಯೆಯು ನಿಜವಾದುದೇ, ಆದರೆ ಲೆಕ್ಕವು ತಪ್ಪಿದುದು. ದನದ ಒಡೆಯನು ಸೋತು ಮಾರಿದ ನೆಲವು ಮರಳಿ ಬಯಲಾಗುವುದೆಂದು ಯಾರೂ ಭರವಸೆ ಕೊಡಲಾರರು. ಅನೇಕ ಕಡೆ ಅದು ಮನೆಗಳ ನಿವೇಶನವಾಗಿ, ಒಂದು ಬೇಲಿಯಿದ್ದಲ್ಲಿ ನಲವತ್ತು ಬೇಲಿಗಳೂ ನಲವತ್ತು ನಾಯಿಗಳೂ ಬಂದು ಸೇರುವುವು. ಬೇಲಿಯನ್ನು ತಿದ್ದಲೊಪ್ಪುವ ಒಡೆಯನು ಪ್ರಾಂಗ್‌ಹಾರ್ನಿನ ಮಿತ್ರನೇ ಹೊರತು ಶತ್ರುವಲ್ಲ. ಕಿತ್ತೆಸೆಯತಕ್ಕ ಬೇಲಿ ಬೇರೆಯುಂಟು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ವಯೋಮಿಂಗಿನಲ್ಲಿ ಹತ್ತಾರು ಲಕ್ಷ ಕುರಿಗಳಿದ್ದುವು; ಈಗ ಉಳಿದಿರುವುದು ಅದರ ಅಲ್ಪಾಂಶ. ಕುರಿಗಳು ಹೋದುವು, ಕುರಿಗಾಗಿ ನೆಲದವರೆಗೂ ಹೆಣೆದ ಬಲೆಬೇಲಿ ಮಾತ್ರ ಎಷ್ಟೋ ಕಡೆ ಹಾಗೆಯೇ ನಿಂತಿದೆ. ಪ್ರಯೋಜನವು ಸತ್ತ ಮೇಲೆಯೂ ಉಳಿದ ಈ ಬೇಲಿಗೆ ಯಾವ ಪೂರ್ವಪಕ್ಷಿಯೂ ವಕಾಲತ್ತು ವಹಿಸಲಾರನು.

ಅಂಗುಲದ ಲೆಕ್ಕವು ಎಲ್ಲ ಬೇಲಿಗಳಿಗೂ ಸಾಲುವುದೆಂದಲ್ಲ. ಆಫ್ರಿಕಾದ ಬೋಟ್ಸ್‌ವಾನಾದಲ್ಲಿ ೧೯೫೮ರಲ್ಲಿ ಹಾಕಿದ ಕೂಕೆ ಬೇಲಿಯು ಕಾಡುಮೃಗಗಳನ್ನು ತಡೆಯುವುದಕ್ಕಾಗಿಯೇ ಹುಟ್ಟಿದುದು. ಕಾಲುಬಾಯಿಜ್ವರವು ದನಗಳಿಗೆ ಹರಡದಂತೆ ಮಾಡುವುದು ಅದರ ಗುರಿ. ಅಲ್ಲಿಯ ಇಂತಹ ಬೇಲಿಗಳು ನೀರಿನ ಕಡೆಗೆ ಹೊರಟ ವೈಲ್ಡ್‌ಬೀಸ್ಟ್ ಹಿಂಡುಗಳ ದಾರಿಗೆ ಅಡ್ಡಬಿದ್ದು, ೧೯೮೩ರ ಬರಗಾಲದಲ್ಲಿ ಹತ್ತಾರು ಸಾವಿರ ಪ್ರಾಣಿಗಳು ಸತ್ತುವು. ಅಲ್ಲಿ ಕೇಳತಕ್ಕ ಪ್ರಶ್ನೆಯು ತಂತಿ ಎಷ್ಟು ಎತ್ತರವೆಂಬುದಲ್ಲ, ಅದು ಎಲ್ಲಿ ಹಾದುಹೋಗಬೇಕೆಂಬುದು. ಅದನ್ನು ಎಳೆಯುವುದಕ್ಕೆ ಮೊದಲು ಕೇಳಬೇಕಾಗಿದ್ದಿತು.

ಈ ವಿಷಯವು ಕನ್ನಡಿಗರಿಗೆ ತೀರ ಪರದೇಶದ್ದೆಂದು ಭಾವಿಸಬೇಕಾಗಿಲ್ಲ. ಮೈಸೂರಿನ ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಮೀಸಲಾದ ಹುಲ್ಲುಬಯಲುಗಳಿಗೆ ಕಾವಲೆಂದು ಹೆಸರು. ಶಬ್ದವೇ ಹೇಳುವಂತೆ ಅವನ್ನು ಕಾದುದು ಮನುಷ್ಯನ ಕಣ್ಣು, ತಂತಿಯಲ್ಲ. ದನವಿದ್ದಲ್ಲಿಯೇ ಕೃಷ್ಣಮೃಗವೂ ಮೇಯುತ್ತಿದ್ದಿತು. ಕೃಷ್ಣಮೃಗವು ಪ್ರಾಂಗ್‌ಹಾರ್ನಿನಂತೆ ನೂರಾರು ಮೈಲಿ ವಲಸೆ ಹೋಗುವ ಪ್ರಾಣಿಯಲ್ಲವೆಂಬುದು ನಿಜ; ಆದರೂ ಮೇವು ನೀರುಗಳಿಗಾಗಿ ಬಯಲಿನಿಂದ ಬಯಲಿಗೆ ತಿರುಗದೆ ಅದು ಬದುಕಲಾರದು. ಚಳ್ಳಕೆರೆಯ ಸುತ್ತಲಿನ ಕಾವಲುಗಳಲ್ಲಿ ೨೦೧೦ರ ಆಸುಪಾಸಿನಲ್ಲಿ ಸುಮಾರು ಹತ್ತು ಸಾವಿರ ಎಕರೆ ನೆಲವು ಹಲವು ಸಂಸ್ಥೆಗಳಿಗೆ ಹಂಚಲ್ಪಟ್ಟು, ಉದ್ದುದ್ದವಾದ ಗೋಡೆಗಳು ಎದ್ದುವು. ಗೋಡೆಯ ಅಡಿಯಲ್ಲಿ ೧೮ ಅಂಗುಲದ ಕಂಡಿಯಿರುವುದಿಲ್ಲ. ಆ ಸಂಸ್ಥೆಗಳು ಬೇಕೋ ಬೇಡವೋ ಎಂಬ ಚರ್ಚೆ ಬೇರೆ. ಉಳಿದ ಕಾವಲುಗಳಿಗಾದರೂ, ಒತ್ತುವರಿಯಿಂದ ರಕ್ಷಿಸುವ ಸದುದ್ದೇಶದಿಂದಲೇ ತಂತಿ ಎಳೆಯುವ ಪ್ರಸ್ತಾಪ ಬಂದಾಗ, ಗುತ್ತಿಗೆದಾರನ ಅಂದಾಜುಪಟ್ಟಿಯಲ್ಲಿ ಎಷ್ಟು ಕಂಬ ಎಷ್ಟು ಸುರುಳಿ ಎಂಬುದರ ಜೊತೆಗೆ ಕೆಳಗಿನ ಎಳೆ ಎಷ್ಟು ಅಂಗುಲದ ಮೇಲೆ, ಅದಕ್ಕೆ ಮುಳ್ಳಿದೆಯೋ ಇಲ್ಲವೋ, ಹುಲ್ಲೆಗಳು ದಾಟುವೆಡೆ ಯಾವುದು ಎಂಬ ಮೂರು ಸಾಲುಗಳು ಸೇರಬೇಕು. ಕೊನೆಯ ಪ್ರಶ್ನೆಗೆ ಉತ್ತರವು ಕಚೇರಿಯ ನಕ್ಷೆಯಲ್ಲಿ ಸಿಕ್ಕುವುದಿಲ್ಲ. ಆ ಬಯಲಿನಲ್ಲಿ ಕುರಿ ಕಾಯುವ ಗೊಲ್ಲರಿಗೂ ಕುರುಬರಿಗೂ ಅದು ಗೊತ್ತಿದೆ. ಮೊದಲ ಗೂಟವನ್ನು ಹೊಡೆಯುವ ಮುನ್ನ ಅವರನ್ನು ಜೊತೆಗೆ ಕರೆದುಕೊಂಡು ಒಂದು ಸಲ ಬಯಲನ್ನು ಸುತ್ತಿ ಬರುವುದಕ್ಕೆ ಒಂದು ದಿವಸ ಸಾಕು.